ರಿಮೋಟ್ ನಮ್ಮ ಕೈಲಿ, ಸಿನಿಮಾ ಯಾರ ಕೈಲಿ?

2022ರ ಫೆಬ್ರುವರಿ ನಡುವಿನಲ್ಲಿ ಒಂದು ದಿನ ಭಾರತದಲ್ಲಿ ವಿಎಲ್‌ಸಿ ಪ್ಲೇಯರಿನ ವೆಬ್‌ಸೈಟ್ ತೆರೆಯುವುದು ನಿಂತುಹೋಯಿತು. ಕಿತ್ತಳೆ-ಬಿಳಿ ಪಟ್ಟೆಯ ಟ್ರಾಫಿಕ್ ಕೋನ್ ಗುರುತಿನ ಅದೇ ವಿಎಲ್‌ಸಿ. ಬೇರೆ ಯಾವ ಪ್ಲೇಯರಿನಲ್ಲೂ ಓಡದ ಹಳೇ ಸಿನಿಮಾ ಫೈಲನ್ನು ಅದಕ್ಕೆ ಕೊಟ್ಟರೆ ಓಡುತ್ತದೆ ಎಂದು ಎರಡು ತಲೆಮಾರು ನಂಬಿರುವ ತಂತ್ರಾಂಶ. ಕೆಲವರು ನೆಟ್ ಕೈಕೊಟ್ಟಿದೆ ಅಂದುಕೊಂಡು ರೌಟರ್ ಆಫ್ ಮಾಡಿ ಆನ್ ಮಾಡಿದರು. ತಿಂಗಳುಗಳ ಮೇಲೆ ಕೆಲವರ ಪರದೆಯಲ್ಲಿ, ಐಟಿ ಕಾಯ್ದೆಯಡಿ ಸಚಿವಾಲಯದ ಆದೇಶದಂತೆ ಈ ತಾಣವನ್ನು ತಡೆಹಿಡಿಯಲಾಗಿದೆ ಎಂಬ ಒಂದು ಸಾಲು ಮೂಡಿತು. ಯಾವ ಆದೇಶ, ಯಾವ ಕಾರಣ? ಅದನ್ನು ಯಾರೂ ಹೇಳಲಿಲ್ಲ.

ಕಾರಣವನ್ನು ಜನರೇ ಊಹಿಸಿಕೊಂಡರು. ಆ ಏಪ್ರಿಲ್‌ನಲ್ಲಿ ಸಿಮ್ಯಾಂಟೆಕ್ ಸಂಸ್ಥೆ ಒಂದು ವರದಿ ಹೊರತಂದಿತ್ತು. ಚೀನಾ ಸರ್ಕಾರದ ನಂಟಿರುವುದೆಂದು ಹೇಳಲಾಗುವ 'ಸಿಕಾಡ' ಎಂಬ ಹ್ಯಾಕರ್ ಗುಂಪು ಹಲವು ದೇಶಗಳ ಸರ್ಕಾರಿ ಕಚೇರಿಗಳಿಗೆ, ಸ್ವಯಂಸೇವಾ ಸಂಸ್ಥೆಗಳಿಗೆ ನುಗ್ಗುವಾಗ ವಿಎಲ್‌ಸಿಯನ್ನು ಬಳಸಿಕೊಂಡಿತ್ತು. ಒಳಹೊಕ್ಕ ಕಂಪ್ಯೂಟರಿನಲ್ಲಿ ಅಸಲಿ ವಿಎಲ್‌ಸಿಯ ಪಕ್ಕದಲ್ಲೇ ಒಂದು ದುಷ್ಟ ಫೈಲ್ ಇಟ್ಟರೆ, ವಿಎಲ್‌ಸಿ ಅದನ್ನು ತನ್ನದೇ ಅಂಗವೆಂದು ಎತ್ತಿಕೊಂಡು ಓಡಿಸುತ್ತದೆ. ಮದುವೆ ಮನೆಗೆ ದಿಬ್ಬಣದ ಜೊತೆ ನುಗ್ಗಿ ಊಟ ಮಾಡಿಕೊಂಡು ಹೋಗುವವನಿಗೂ ವರನ ಕಡೆಯವರಿಗೂ ಎಷ್ಟು ಸಂಬಂಧವೋ, ಆ ಗುಂಪಿಗೂ ವಿಎಲ್‌ಸಿಗೂ ಅಷ್ಟೇ ಸಂಬಂಧ. ಆದರೂ 'ಅದು ಚೀನಾದ್ದಂತೆ ಕಣ್ರೀ, ಅದಕ್ಕೇ ಬ್ಯಾನ್ ಮಾಡಿದಾರೆ' ಎನ್ನುವವರಿಗೇನೂ ಬರವಿರಲಿಲ್ಲ. ವಿಎಲ್‌ಸಿ ಹುಟ್ಟಿದ್ದು ಪ್ಯಾರಿಸ್ಸಿನ ಎಕೋಲ್ ಸಾಂತ್ರಾಲ್ ಎಂಬ ಎಂಜಿನಿಯರಿಂಗ್ ಕಾಲೇಜಿನಲ್ಲಿ, 1996ರಲ್ಲಿ. ಹಾಸ್ಟೆಲಿನ ಹುಡುಗರಿಗೆ ವೇಗದ ನೆಟ್‌ವರ್ಕ್ ಬೇಕಿತ್ತು. ಅದಕ್ಕೊಂದು ನೆಪವಾಗಿ, ಸ್ಯಾಟಲೈಟ್ ಟಿವಿಯನ್ನು ನೆಟ್‌ವರ್ಕ್ ಮೇಲೆ ಕೋಣೆ ಕೋಣೆಗೂ ಹಾಯಿಸುವ ಯೋಜನೆ ಹಾಕಿದರು. ಆ ಕೋನ್ ಕೂಡ ಹುಡುಗರು ಹಾಸ್ಟೆಲಿಗೆ ಹೊತ್ತು ತಂದು ಗುಡ್ಡೆ ಹಾಕಿದ್ದ ರಸ್ತೆ ಕೋನ್‌ಗಳ ನೆನಪು. 2001ರಲ್ಲಿ ಅದು ಮುಕ್ತ ತಂತ್ರಾಂಶವಾಯಿತು.

2022ರ ಅಕ್ಟೋಬರ್‌ನಲ್ಲಿ ವಿಎಲ್‌ಸಿ ತಯಾರಿಸುವ ವಿಡಿಯೋಲ್ಯಾನ್ ಸಂಸ್ಥೆ, ದೆಹಲಿಯ ಇಂಟರ್ನೆಟ್ ಫ್ರೀಡಂ ಫೌಂಡೇಶನ್ನಿನ ನೆರವಿನಿಂದ ಸರ್ಕಾರಕ್ಕೆ ಲೀಗಲ್ ನೋಟಿಸ್ ಕಳಿಸಿತು. ಅದು ಕೇಳಿದ್ದು ಇಷ್ಟೇ: ಆದೇಶದ ಪ್ರತಿ ಕೊಡಿ, ನಮ್ಮ ಮಾತನ್ನೂ ಕೇಳಿ. ನವೆಂಬರ್ 14ರಂದು ತಡೆ ತೆರವಾಯಿತು. ಒಂಬತ್ತು ತಿಂಗಳು ಮುಚ್ಚಿದ್ದ ಬಾಗಿಲು, ಮುಚ್ಚಿದಷ್ಟೇ ಸದ್ದಿಲ್ಲದೆ ತೆರೆಯಿತು.

ಜಗತ್ತಿನ ಜಗಳ, ಸರ್ಕಾರದ ಅಧಿಕಾರ, ಮನೆಯ ಟಿವಿ ಈ ಮೂರೂ ಬೇರೆ ಬೇರೆ ಸಂಗತಿಗಳು ಎಂದು ಎಣಿಸಿರುವವರಿಗೆ ವಿಎಲ್‌ಸಿಯ ಈ ಪ್ರಕರಣ ಸಾಕು. ಮೂರೂ ಒಂದೇ ತಂತಿಯಲ್ಲಿವೆ.

ಯುದ್ಧದ ಬಗ್ಗೆ ನಮ್ಮಲ್ಲಿ ಅಭಿಪ್ರಾಯವಿಲ್ಲದವರು ಸಿಗುವುದು ಕಷ್ಟ. ಬೆಳಗ್ಗೆ ದರ್ಶಿನಿಯ ಕಟ್ಟೆ ಮೇಲೆ ಬೈಟು ಕಾಫಿ ಹಿಡಿದವರು ಉಕ್ರೇನ್ ಎಲ್ಲಿ ಎಡವಿತು, ಇಸ್ರೇಲ್ ಏನು ಮಾಡಬೇಕಿತ್ತು, ಟ್ರಂಪ್ ನಾಳೆ ಏನು ಮಾಡುತ್ತಾನೆ ಎಂಬುದನ್ನು ಲೋಟ ಖಾಲಿಯಾಗುವುದರೊಳಗೆ ತೀರ್ಮಾನಿಸುತ್ತಾರೆ. ಸರ್ಕಾರದ ವಿಷಯದಲ್ಲೂ ಹಾಗೆಯೇ. 'ಇನ್ನೂ ಬಿಗಿ ಮಾಡಬೇಕು' ಎಂದವರೇ ಟ್ರಾಫಿಕ್ ಪೊಲೀಸ್ ಕೈ ಅಡ್ಡ ಹಾಕಿದರೆ 'ಇವರ ಕಾಟ ಅತಿಯಾಯ್ತು' ಅನ್ನುತ್ತಾರೆ. ಇದನ್ನು ಆಡಿಕೊಳ್ಳಬೇಕಿಲ್ಲ. ದೂರದ ಮೇಲೆ ಬಿಗಿ, ಹತ್ತಿರದ ಮೇಲೆ ಸಡಿಲ ಎನ್ನುವುದು ಎಲ್ಲ ಊರಿನ ಗುಣ. ಕಷ್ಟ ಶುರುವಾಗುವುದು, ದೂರದ್ದು ಮನೆಯ ಹಾಲ್‌ಗೆ ಬಂದು ಕೂತಾಗ.

2020ರ ಜೂನ್ 15ರ ರಾತ್ರಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಹುತಾತ್ಮರಾದರು. ಎರಡು ವಾರದಲ್ಲಿ, ಜೂನ್ 29ರಂದು, ಟಿಕ್‌ಟಾಕ್ ಸೇರಿ 59 ಚೀನಾ ಆ್ಯಪ್‌ಗಳಿಗೆ ನಿಷೇಧ ಬಿತ್ತು. ಊರೂರಿನಲ್ಲಿ ಚಪ್ಪಾಳೆ. ಹಳ್ಳಿಗಳಲ್ಲಿ ಟಿಕ್‌ಟಾಕ್‌ನಿಂದಲೇ ಹೆಸರು ಮಾಡಿದ್ದ ಹುಡುಗರು ಒಂದೇ ರಾತ್ರಿಯಲ್ಲಿ ತಮ್ಮ ಎಲ್ಲ ವಿಡಿಯೋ ಕಳೆದುಕೊಂಡರು. ಅವರಲ್ಲೂ ಬಹಳ ಮಂದಿ 'ದೇಶ ಮೊದಲು' ಎಂದೇ ಹೇಳಿದರು. ಅದನ್ನು ನಾಟಕ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ಆ ವಿಡಿಯೋಗಳ ಒಂದು ಪ್ರತಿ ಮನೆಯ ಡಿಸ್ಕಿನಲ್ಲಿ ಉಳಿದಿದ್ದರೆ ದೇಶಭಕ್ತಿಗೇನೂ ಕೊರತೆ ಆಗುತ್ತಿರಲಿಲ್ಲ.

ಇನ್ನೂ ಹತ್ತಿರದ ಉದಾಹರಣೆ 2025ರ ಮೇ ತಿಂಗಳದು. ಆಪರೇಷನ್ ಸಿಂಧೂರ ನಡೆದದ್ದು ಮೇ 7ರಂದು. ಮರುದಿನವೇ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಒಟಿಟಿಗಳಿಗೂ ಸಂಗೀತದ ಆ್ಯಪ್‌ಗಳಿಗೂ ಒಂದು ಸಲಹಾಪತ್ರ ಕಳಿಸಿತು. ಪಾಕಿಸ್ತಾನ ಮೂಲದ ವೆಬ್ ಸರಣಿ, ಸಿನಿಮಾ, ಹಾಡು, ಪಾಡ್‌ಕಾಸ್ಟ್ ಎಲ್ಲವನ್ನೂ ತಕ್ಷಣ ನಿಲ್ಲಿಸಿ ಎಂದು ಅದರಲ್ಲಿತ್ತು. ಹೆಸರಿಗೆ ಸಲಹೆಯಾದರೂ ಮೀರುವ ಧೈರ್ಯ ಯಾವ ಕಂಪನಿಗೂ ಇರಲಿಲ್ಲ. ಪ್ಲೇಲಿಸ್ಟ್‌ಗಳಲ್ಲಿ ಹಾಡಿನ ಹೆಸರು ಮಸುಕು ಬೂದು ಬಣ್ಣಕ್ಕೆ ತಿರುಗಿತು; ಒತ್ತಿದರೆ ಸದ್ದಿಲ್ಲ. ಹಿಂದಿ ಚಿತ್ರಗಳಾದ 'ರಯೀಸ್' ಮತ್ತು 'ಸನಮ್ ತೇರಿ ಕಸಮ್' ಹಾಡುಗಳ ಪೋಸ್ಟರ್‌ಗಳಿಂದ ಪಾಕಿಸ್ತಾನಿ ನಟಿಯರು ಮಾಯವಾಗಿ, ನಾಯಕರು ಒಬ್ಬೊಬ್ಬರೇ ನಿಂತಿದ್ದರು. ಪ್ರೇಮಕಥೆಯ ಪೋಸ್ಟರಿನಲ್ಲಿ ಒಂಟಿ ಹೀರೋ! ಯುದ್ಧಕಾಲದ ಆಜ್ಞೆಗಳಲ್ಲಿ ಹಾಸ್ಯ ಹೀಗೆ ತಾನಾಗಿ ಹುಟ್ಟಿಕೊಳ್ಳುತ್ತದೆ.

'ಗಡಿಯಲ್ಲಿ ಹೆಣ ಬೀಳುವಾಗ ಅವರ ಹಾಡು ನಮಗ್ಯಾಕೆ?' ಎನ್ನುವುದು ಒಂದು ಮಾತು. 'ಹಾಡಿಗೂ ಗುಂಡಿಗೂ ಎಲ್ಲಿಯ ಸಂಬಂಧ?' ಎನ್ನುವುದು ಇನ್ನೊಂದು. ಎರಡೂ ಮಾತು ಒಂದೇ ಮನೆಯಲ್ಲಿ, ಒಂದೇ ಊಟದ ಹೊತ್ತಿನಲ್ಲಿ ಕೇಳಿಬಂದದ್ದುಂಟು. ನನ್ನ ಕೇಳಿದರೆ, ಒಂದು ಹಾಡನ್ನು ಕೇಳದೆ ಬಿಡುವುದು ನನ್ನ ಆಯ್ಕೆಯಾದಾಗ ಅದಕ್ಕೊಂದು ತೂಕವಿದೆ. ನನ್ನ ಫೋನಿನಿಂದ ಅದು ತಾನಾಗಿ ಮಾಯವಾದರೆ, ಅಲ್ಲಿ ನನ್ನ ದೇಶಪ್ರೇಮಕ್ಕೆ ಮಾಡಲು ಏನೂ ಕೆಲಸ ಉಳಿಯುವುದಿಲ್ಲ.

ಗಡಿಯ ಆಚೆಗೂ ಇದೇ ಕಥೆ. 1965ರ ಯುದ್ಧದ ನಂತರ ಪಾಕಿಸ್ತಾನ ಭಾರತೀಯ ಚಿತ್ರಗಳಿಗೆ ನಾಲ್ಕು ದಶಕ ಟಾಕೀಸಿನ ಬಾಗಿಲು ಹಾಕಿತ್ತು. ಲಾಹೋರಿನ ಜನ ಅಮಿತಾಭ್‌ನನ್ನು ನೋಡುವುದು ಬಿಟ್ಟರೇ? ಕಳ್ಳದಾರಿಯಲ್ಲಿ ಬಂದ ವಿಡಿಯೋ ಕ್ಯಾಸೆಟ್ಟಿನಲ್ಲಿ ನೋಡಿದರು. ಇತ್ತ 1980ರ ದಶಕದಲ್ಲಿ ಅವರ ಪಿಟಿವಿ ನಾಟಕಗಳು ಕ್ಯಾಸೆಟ್ ಆಗಿ ದೆಹಲಿ, ಮುಂಬೈ ಮನೆಗಳನ್ನು ಹೊಕ್ಕವು. ನಮ್ಮ ಕಡೆ ಗಣೇಶನ ಹಬ್ಬಕ್ಕೆ ವಿಸಿಪಿ, ಕಲರ್ ಟಿವಿ ಬಾಡಿಗೆಗೆ ತಂದು ರಾತ್ರಿಯಿಡೀ ಮೂರು ರಾಜಕುಮಾರ್ ಚಿತ್ರ ಹಾಕುತ್ತಿದ್ದ ಕಾಲವೂ ಅದೇ. ಕ್ಯಾಸೆಟ್ ಕೈಯಲ್ಲಿರುವವನಿಗೆ ಸಿನಿಮಾ ನಿಲ್ಲಿಸಲು ಯಾರಾದರೂ ಮನೆಗೇ ಬರಬೇಕಿತ್ತು. ಇಂದು ಅದು ಬೇಕಿಲ್ಲ. ಕಂಪನಿಯ ಕಂಪ್ಯೂಟರಿನಲ್ಲಿ ಒಂದು ಸಾಲು ಬದಲಿಸಿದರೆ ಕೋಟಿ ಮನೆಗಳಲ್ಲಿ ಒಟ್ಟಿಗೆ ನಿಲ್ಲುತ್ತದೆ.

ಏಕೆಂದರೆ ನಾವು 'ಕೊಂಡೆವು' ಎನ್ನುವುದರಲ್ಲಿ ಬಹುಪಾಲನ್ನು ಕೊಂಡಿಲ್ಲ. 2009ರ ಜುಲೈನಲ್ಲಿ ಅಮೆಜಾನ್, ಕಿಂಡಲ್ ಓದುಗರು ದುಡ್ಡು ಕೊಟ್ಟು ತೆಗೆದುಕೊಂಡಿದ್ದ ಒಂದು ಪುಸ್ತಕವನ್ನು ಅವರ ಸಾಧನಗಳಿಂದಲೇ ಅಳಿಸಿಹಾಕಿತು. ಮಾರಿದವರಿಗೆ ಹಕ್ಕಿರಲಿಲ್ಲ ಎಂಬುದು ಕಾರಣ. ಆ ಪುಸ್ತಕ ಜಾರ್ಜ್ ಆರ್ವೆಲ್‌ನ '1984' ಆಗಿದ್ದದ್ದು ಮಾತ್ರ ಯಾವ ಕಾದಂಬರಿಕಾರನೂ ಬರೆಯಲು ಹಿಂಜರಿಯುವಂಥ ಕಾಕತಾಳೀಯ. 2023ರ ಡಿಸೆಂಬರ್‌ನಲ್ಲಿ ಸೋನಿ, ಪ್ಲೇಸ್ಟೇಷನ್ನಿನಲ್ಲಿ ಜನ ಖರೀದಿಸಿದ್ದ ಡಿಸ್ಕವರಿ ಕಾರ್ಯಕ್ರಮಗಳೆಲ್ಲ ವರ್ಷದ ಕೊನೆಗೆ ಇಲ್ಲವಾಗುತ್ತವೆ ಎಂದು ತಿಳಿಸಿತು. ಕೂಗೆದ್ದ ಮೇಲೆ ಒಪ್ಪಂದ ನವೀಕರಿಸಿ ಹಿಂದೆ ಸರಿಯಿತು. ಕ್ಯಾಲಿಫೋರ್ನಿಯಾ ಈಗ ಕಾನೂನನ್ನೇ ಮಾಡಿದೆ. 2025ರ ಜನವರಿಯಿಂದ ಅಲ್ಲಿ ಡಿಜಿಟಲ್ ಸರಕನ್ನು 'ಖರೀದಿಸಿ' ಎಂದು ಮಾರುವವರು, ನಿಮಗೆ ಸಿಗುತ್ತಿರುವುದು ಬರೀ ಪರವಾನಗಿ ಎಂದು ಸ್ಪಷ್ಟವಾಗಿ ಹೇಳಬೇಕು. ನಮ್ಮಲ್ಲಿ 2024ರ ಜನವರಿಯಲ್ಲಿ ತಮಿಳಿನ 'ಅನ್ನಪೂರ್ಣಿ' ಚಿತ್ರ ದೂರು, ಎಫ್‌ಐಆರ್‌ಗಳ ನಡುವೆ ನೆಟ್‌ಫ್ಲಿಕ್ಸ್‌ನಿಂದ ಕಾಣೆಯಾಯಿತು. ಸೆನ್ಸಾರ್ ಮಂಡಳಿ ಪಾಸು ಮಾಡಿ ಚಿತ್ರಮಂದಿರದಲ್ಲಿ ಓಡಿದ್ದ ಚಿತ್ರ ಅದು.

ಇವೆಲ್ಲ ಒಟ್ಟಾಗಿ ಒಂದು ವರ್ಗದ ಜನರನ್ನು ಸಾದರ್ ಪತ್ರಪ್ಪ ರಸ್ತೆಯ ಕಡೆ, ಅಂದರೆ ಬೆಂಗಳೂರಿನವರ ಬಾಯಲ್ಲಿ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಕಡೆ, ಅಟ್ಟಿವೆ. ಅವರಿಗೆ ಬೇಕಿರುವುದು ಯಾವುದೋ ಕಚೇರಿ ತೆಗೆದುಹಾಕಿದ ಪುಟ್ಟ ಕಂಪ್ಯೂಟರು. ಇಟ್ಟಿಗೆಗಿಂತ ಸ್ವಲ್ಪ ಅಗಲ, ಅರ್ಧ ಎತ್ತರ. ಜೊತೆಗೆ ಒಂದು ದೊಡ್ಡ ಹಾರ್ಡ್ ಡಿಸ್ಕ್. ಟಿವಿ ಸ್ಟ್ಯಾಂಡಿನ ಹಿಂದೆ, ಧೂಳಿನಲ್ಲಿ, ಒಂದು ನೀಲಿ ದೀಪ ಉರಿಸಿಕೊಂಡು ಕೂತುಬಿಟ್ಟರೆ ಅದೇ ಮನೆಯ ಒಟಿಟಿ. ಸುಮ್ಮನಿದ್ದಾಗ 10 ವಾಟ್ ಆಸುಪಾಸು ಎಳೆಯುತ್ತದೆ. ತಿಂಗಳಿಗೆ ಏಳು ಯೂನಿಟ್ ಚಿಲ್ಲರೆ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ 45 ರೂಪಾಯಿ ದಾಟದು. ಗೃಹಜ್ಯೋತಿ ಮನೆಯಾದರೆ ಅದೂ ಸರ್ಕಾರದ ಲೆಕ್ಕಕ್ಕೆ. ಸರ್ಕಾರದ ಕಣ್ಣಿಗೆ ಬೀಳದ ಸಿನಿಮಾ ಸರ್ಕಾರದ ಕರೆಂಟಿನಲ್ಲಿ!

ಒಳಗೆ ಓಡುವ ತಂತ್ರಾಂಶಕ್ಕೂ ಒಂದು ರಾಜಕೀಯ ಚರಿತ್ರೆಯಿದೆ. ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಆಟದ ಪೆಟ್ಟಿಗೆಯಲ್ಲಿ ಸಿನಿಮಾ ಓಡಿಸಲು ಹವ್ಯಾಸಿಗಳು ಬರೆದ ಎಕ್ಸ್‌ಬಿಎಂಸಿ ಎಂಬುದು ಒಂದು ಮೂಲ. ಅದು 2014ರಲ್ಲಿ 'ಕೋಡಿ' ಎಂದು ಹೆಸರು ಬದಲಿಸಿಕೊಂಡಿತು. ಅದರಿಂದ ಕವಲೊಡೆದ 'ಪ್ಲೆಕ್ಸ್' ಕಂಪನಿಯಾಗಿ ಬೆಳೆಯಿತು. 2025ರ ಏಪ್ರಿಲ್‌ನಲ್ಲಿ ಪ್ಲೆಕ್ಸ್ ತನ್ನ ಆಜೀವ ಚಂದಾವನ್ನು 120 ಡಾಲರ್‌ನಿಂದ 250ಕ್ಕೆ ಏರಿಸಿತು. ಮನೆಯ ಆಚೆಯಿಂದ ನಿಮ್ಮದೇ ಸಿನಿಮಾ ನೋಡಲೂ ದುಡ್ಡು ಕೊಡಿ ಎಂದಿತು. ಇದಕ್ಕೆ ಸಂಬಂಧವಿಲ್ಲದ 'ಎಂಬಿ' ಎಂಬ ಇನ್ನೊಂದು ತಂತ್ರಾಂಶ ತನ್ನ ಮೂಲಸಂಕೇತವನ್ನು ಮುಚ್ಚಿಕೊಂಡಾಗ, 2018ರ ಡಿಸೆಂಬರ್‌ನಲ್ಲಿ ಕೆಲವರು ಸಿಡಿದು ಹೊರಬಂದು ಹಿಂದಿನ ಮುಕ್ತ ಸಂಕೇತದಿಂದಲೇ 'ಜೆಲ್ಲಿಫಿನ್' ಕಟ್ಟಿದರು. ಅದಕ್ಕೆ ದುಡ್ಡಿಲ್ಲ, ಯಾವ ಕಂಪನಿಯ ಖಾತೆಯೂ ಬೇಕಿಲ್ಲ, ಯಾರಿಗೂ ವರದಿ ಒಪ್ಪಿಸುವುದಿಲ್ಲ. ಈಗ ಮನೆ ಸರ್ವರ್ ಎಂದರೆ ಬಹಳ ಮಂದಿ ಹೇಳುವುದು ಇದರ ಹೆಸರನ್ನೇ.

ಕನ್ನಡದವರಿಗೆ ಇಲ್ಲೊಂದು ತರಲೆ ಇದೆ. ಜೆಲ್ಲಿಫಿನ್ ಫೈಲಿನ ಹೆಸರು ಓದಿ, ಅಂತರಜಾಲದ ಒಂದು ಸಿನಿಮಾ ಕೋಶದಲ್ಲಿ ಹುಡುಕಿ, ಪೋಸ್ಟರು, ತಾರಾಗಣ, ಕಥೆ ತಂದು ಅಂಟಿಸುತ್ತದೆ. 'ಬಂಧನ' ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಫೈಲ್ ಹಾಕಿ ನೋಡಿ. ವಿಷ್ಣುವರ್ಧನ್ ಇರಬೇಕಾದ ಜಾಗದಲ್ಲಿ 1998ರ ಹಿಂದಿ ಚಿತ್ರದ ಸಲ್ಮಾನ್ ಖಾನ್ ನಗುತ್ತಿರುತ್ತಾನೆ! ಡಾಕ್ಟರ್ ಹರೀಶ್ ಸಾಯುವ ದೃಶ್ಯಕ್ಕೆ ಅಳಲು ಸಿದ್ಧವಾಗಿ ಕೂತ ಅಮ್ಮಂದಿರಿಗೆ ಇದು ಸಣ್ಣ ಆಘಾತವಲ್ಲ. ಹೆಸರಿನ ಮುಂದೆ ಕಂಸದಲ್ಲಿ 1984 ಎಂದು ವರ್ಷ ಸೇರಿಸಿದರೆ ಸರಿಹೋಗುತ್ತದೆ. ಹಳೆಯ ಕನ್ನಡ ಚಿತ್ರಗಳ ಸಾಲಿಗೆ ಕೂತರೆ ಇಂಥ ತಿದ್ದುಪಡಿಯಲ್ಲೇ ಎರಡು ಭಾನುವಾರ ಹೋಗುತ್ತದೆ. ಕೆಲವು ಚಿತ್ರಗಳಿಗೆ ಪೋಸ್ಟರೇ ಸಿಗುವುದಿಲ್ಲ. ವಿಸಿಡಿಯ ಹೊದಿಕೆಯನ್ನು ಫೋನಿನಲ್ಲಿ ಫೋಟೋ ತೆಗೆದು ಹಾಕಬೇಕು. ಆದರೂ ಅದು ಬಿಟ್ಟಿ ಕೆಲಸವಲ್ಲ. ನಮ್ಮ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರದು. ಅದರ ಒಂದು ಪ್ರತಿಯೂ ಉಳಿದಿಲ್ಲ. ಯಾರ ಮನೆಯಲ್ಲೂ ಪ್ರತಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕಹಿ ಮಾತೊಂದನ್ನೂ ಹೇಳಬೇಕು. ಮನೆ ಸರ್ವರ್‌ಗಳಲ್ಲಿ ಇರುವುದೆಲ್ಲ ಸ್ವಂತ ಡಿವಿಡಿಯಿಂದ ಇಳಿಸಿಕೊಂಡದ್ದು ಎಂದರೆ ಯಾರೂ ನಂಬರು. ಟೊರೆಂಟಿನ ಸರಕೇ ಜಾಸ್ತಿ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಖಾಸಗಿ ಬಳಕೆಗೆ ಒಂದಿಷ್ಟು ಜಾಗ ಕೊಟ್ಟಿದೆ. 2012ರಲ್ಲಿ ಸೇರಿದ 65ಎ ಬೀಗ ಒಡೆಯುವುದನ್ನು ಶಿಕ್ಷಾರ್ಹ ಮಾಡಿದೆ. ಕೊಂಡ ಡಿವಿಡಿಯ ಪ್ರತಿ ಮಾಡಿಕೊಳ್ಳುವವರ ಪರ ನಾನು ವಾದಿಸಬಲ್ಲೆ. ಮೊನ್ನೆ ತಾನೇ ಬಿಡುಗಡೆಯಾದ, ಒಟಿಟಿಗಳು ಮೂಸಿಯೂ ನೋಡದ ಕನ್ನಡ ಚಿತ್ರವನ್ನು ಕದ್ದು ನೋಡಿ 'ಇದು ವ್ಯವಸ್ಥೆಯ ವಿರುದ್ಧ ಹೋರಾಟ' ಎನ್ನುವವರ ಪರ ಅಲ್ಲ. ರಕ್ಷಿತ್ ಶೆಟ್ಟಿ ನಿರ್ಮಾಣದ 'ಏಕಂ' ಸರಣಿಯನ್ನು ಯಾವ ಒಟಿಟಿಯೂ ಕೊಳ್ಳದಿದ್ದಾಗ, 2024ರ ಜುಲೈನಲ್ಲಿ ಅವರು ತಮ್ಮದೇ ಜಾಲತಾಣ ಕಟ್ಟಿ ಅಲ್ಲೇ ಬಿಡುಗಡೆ ಮಾಡಿದರು. ನೋಡುವವನು ಸ್ವಂತ ಡಬ್ಬಿ ಇಟ್ಟುಕೊಳ್ಳುವ ಹಾಗೆ ಮಾಡುವವನೂ ಸ್ವಂತ ಅಂಗಡಿ ಇಡಬೇಕಾದ ಸ್ಥಿತಿ. ಅಂಥವರ ಹೊಟ್ಟೆ ಮೇಲೆ ಹೊಡೆಯುವುದು ಯಾವ ಸ್ವಾತಂತ್ರ್ಯವೂ ಅಲ್ಲ.

ಸರಿ, ಡಬ್ಬಿ ಮನೆಗೆ ಬಂತು. ಜಗತ್ತಿನ ಜಗಳದಿಂದ ಮುಕ್ತಿ ಸಿಕ್ಕಿತೇ? ಅರ್ಧ. ಹೊರಗಿನ ಕಂಪನಿಯ ಸೇವೆ ನೆಚ್ಚಿದವರ ಪಾಡು ಮೊದಲು ನೋಡಿ. 2025ರ ಜುಲೈನಲ್ಲಿ ಐರೋಪ್ಯ ಒಕ್ಕೂಟ ರಷ್ಯಾ ಮೇಲಿನ ನಿರ್ಬಂಧದ ಪಟ್ಟಿಗೆ ಗುಜರಾತಿನ ವಾಡಿನಾರ್‌ನಲ್ಲಿ ತೈಲ ಸಂಸ್ಕರಿಸುವ ನಯಾರಾ ಎನರ್ಜಿಯನ್ನು ಸೇರಿಸಿತು. ರಷ್ಯಾದ ರಾಸ್‌ನೆಫ್ಟ್‌ಗೆ ಅದರಲ್ಲಿ ಶೇಕಡಾ 49 ಪಾಲಿದೆ. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಆ ಕಂಪನಿಯ ಮೇಲ್ ಖಾತೆಗಳನ್ನು ನಿಲ್ಲಿಸಿತು. ಭಾರತದ ನೆಲ, ಭಾರತದ ನೌಕರರು, ದುಡ್ಡು ಕೊಟ್ಟ ಸೇವೆ. ಕಂಪನಿ ದೆಹಲಿ ಹೈಕೋರ್ಟ್ ಮೆಟ್ಟಿಲೇರಿದ ಮೇಲೆ ತಿಂಗಳ ಕೊನೆಗೆ ಸೇವೆ ಮರಳಿತು. ಉಕ್ರೇನ್ ಯುದ್ಧದ ಬಗ್ಗೆ ದರ್ಶಿನಿಯಲ್ಲಿ ಆಡಿದ ಯಾವ ಮಾತಿಗಿಂತಲೂ ಈ ಘಟನೆ ನಮ್ಮ ಐಟಿ ಕಚೇರಿಗಳಲ್ಲಿ ಹೆಚ್ಚು ಕೆಲಸ ಮಾಡಿತು. ಸ್ವಂತ ಸರ್ವರ್ ಎನ್ನುವುದು ಅಲ್ಲಿಯವರೆಗೆ ಹವ್ಯಾಸಿಗಳ ಹುಚ್ಚಾಗಿತ್ತು. ಆಮೇಲೆ ಆಡಳಿತ ಮಂಡಳಿಯ ಮೀಟಿಂಗಿನ ವಿಷಯವಾಯಿತು.

ಯುದ್ಧದ ಬಿಸಿ ನೆಟ್ಟಿನ ತಂತಿಗೂ ತಟ್ಟುತ್ತದೆ. 2024ರ ಫೆಬ್ರುವರಿಯಲ್ಲಿ ಯೆಮನ್‌ನ ಹೂತಿಗಳ ಕ್ಷಿಪಣಿ ತಗುಲಿದ 'ರೂಬಿಮಾರ್' ಎಂಬ ಹಡಗು ಮುಳುಗುವ ಮುನ್ನ ಕೆಂಪು ಸಮುದ್ರದಲ್ಲಿ ತೇಲುತ್ತಾ ಹೋಯಿತು. ಆ ಹೊತ್ತಿಗೇ ಸಮುದ್ರತಳದ ಮೂರು ಕೇಬಲ್‌ಗಳು ತುಂಡಾದವು. ಹಡಗಿನ ಎಳೆದಾಡಿದ ಲಂಗರೇ ಕಾರಣವಿರಬೇಕೆಂದು ಅಮೆರಿಕದ ಅಧಿಕಾರಿಗಳು ಹೇಳಿದರು. ಭಾರತವನ್ನು ಯುರೋಪಿಗೆ ಜೋಡಿಸುವ ನೆಟ್ ಬಹುಪಾಲು ಅದೇ ಇಕ್ಕಟ್ಟಿನಲ್ಲಿ ಹಾದುಬರುತ್ತದೆ. ಟಿವಿ ಹಿಂದಿನ ಡಬ್ಬಿಗೆ ಇದರ ಬಿಸಿ ತಟ್ಟುವುದಿಲ್ಲ, ನಿಜ. ಮನೆಯೊಳಗಿನ ವೈಫೈ ಇದ್ದರೆ 'ಬಂಗಾರದ ಮನುಷ್ಯ' ಓಡುತ್ತದೆ. ಆದರೆ ಆ ಡಬ್ಬಿಯೊಳಗಿನ ಹಾರ್ಡ್ ಡಿಸ್ಕನ್ನು ಜಗತ್ತಿನಲ್ಲಿ ಮಾಡುವವರೇ ಮೂರು ಕಂಪನಿ. ಒಂದೂ ನಮ್ಮದಲ್ಲ. ಇನ್ನು, ಮೈಸೂರಿನ ಮನೆಯ ಡಬ್ಬಿಯನ್ನು ಟೆಕ್ಸಾಸಿನ ಮಗನೂ ನೋಡಬೇಕೆಂದರೆ, ನಮ್ಮ ಬಹುತೇಕ ಮನೆ ಸಂಪರ್ಕಗಳಿಗೆ ಸ್ವಂತ ಐಪಿ ವಿಳಾಸವೇ ಇರುವುದಿಲ್ಲ; ನೂರಾರು ಮನೆಗಳಿಗೆ ಒಂದೇ ವಿಳಾಸ ಹಂಚಿರುತ್ತಾರೆ. ಅದನ್ನು ದಾಟಲು ಟೇಲ್‌ಸ್ಕೇಲ್‌ನಂಥ ಸೇವೆ ಬೇಕು, ಅಂದರೆ ಮತ್ತೆ ಹೊರಗಿನ ಒಂದು ಕಂಪನಿ.

ನೆಟ್ಟೇ ಇಲ್ಲದಾಗ ಮನೆಯ ಪ್ರತಿಯ ಬೆಲೆ ಏನು ಎಂಬುದನ್ನು ಕಾಶ್ಮೀರದವರು ಕಂಡಿದ್ದಾರೆ. 2019ರ ಆಗಸ್ಟ್ 5ರಂದು ಹೋದ ಸಂಪರ್ಕ 2020ರ ಜನವರಿಯಲ್ಲಿ 2ಜಿ ವೇಗದಲ್ಲಿ, ಸರ್ಕಾರ ಒಪ್ಪಿದ ತಾಣಗಳ ಪಟ್ಟಿಗೆ ಮಾತ್ರ ಮರಳಿತು. ಆ ಪಟ್ಟಿಯಲ್ಲಿ ನೆಟ್‌ಫ್ಲಿಕ್ಸ್ ಇತ್ತು. 2ಜಿಯಲ್ಲಿ ನೆಟ್‌ಫ್ಲಿಕ್ಸ್ ಹೇಗೆ ನೋಡುವುದೆಂದು ಪಟ್ಟಿ ಮಾಡಿದವರಿಗೇ ಗೊತ್ತು. 4ಜಿ ಬಂದದ್ದು 2021ರ ಫೆಬ್ರುವರಿಯಲ್ಲಿ. ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಟರ್ನೆಟ್ ನಿಲ್ಲಿಸುವ ಆದೇಶಗಳನ್ನು ಪ್ರಕಟಿಸಲೇಬೇಕು ಎಂದಿದೆ. ಆದರೆ ಜಾಲತಾಣ ತಡೆಯುವ, ಐಟಿ ಕಾಯ್ದೆಯ 69ಎ ಸೆಕ್ಷನ್ನಿನ ನಿಯಮಗಳಲ್ಲಿ 16ನೆಯದು ಗೋಪ್ಯತೆಯನ್ನೇ ಕಡ್ಡಾಯ ಮಾಡುತ್ತದೆ. ಇಂಥ ಅಧಿಕಾರಗಳ ಮೇಲಿನ ದೊಡ್ಡ ಜಗಳಗಳು ನಡೆದದ್ದು ನಮ್ಮ ಬೆಂಗಳೂರಿನಲ್ಲೇ. 2023ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ಟ್ವಿಟರ್‌ನ ಅರ್ಜಿ ವಜಾ ಮಾಡಿ 50 ಲಕ್ಷ ದಂಡ ಹಾಕಿತು. 2025ರ ಸೆಪ್ಟೆಂಬರ್‌ನಲ್ಲಿ ಆನ್‌ಲೈನ್ ವಿಷಯ ತೆಗೆಸಲು ಸರ್ಕಾರ ಬಳಸುವ 'ಸಹಯೋಗ್' ಪೋರ್ಟಲ್ ವಿರುದ್ಧ ಎಕ್ಸ್ (ಟ್ವಿಟರ್‌ನ ಹೊಸ ಹೆಸರು) ಸಲ್ಲಿಸಿದ್ದ ಅರ್ಜಿಯನ್ನೂ ತಳ್ಳಿಹಾಕಿತು. ದೇಶಕ್ಕೆ ಅಪಾಯ ಬಂದಾಗ ಸರ್ಕಾರದ ಕೈಯಲ್ಲಿ ಒಂದು ಸ್ವಿಚ್ ಇರಬಾರದು ಎಂದು ಹಠ ಹಿಡಿಯುವವರ ಜೊತೆ ನಾನಿಲ್ಲ. ಒತ್ತಿದ ಮೇಲೆ ಏಕೆ ಒತ್ತಿದಿರಿ ಎಂದು ಕೇಳಲು, ಒತ್ತಿಸಿಕೊಂಡವನಿಗೆ ಒಂದು ಕಾಗದವಾದರೂ ಸಿಗಬೇಕು.

ಸ್ವಂತ ಡಬ್ಬಿಯಲ್ಲಿ ನಾವೇನೂ ಮೊದಲಿಗರಲ್ಲ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳುತ್ತಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ 30 ವಾಟ್‌ನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೋ ಪ್ರಸಾರ ಶುರುಮಾಡಿದರು. ಕೈಯಿಂದಲೇ ದುಡ್ಡು ಹಾಕಿದರು. ಅದಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರನ್ನು ಮುಂದೆ ಇಡೀ ದೇಶದ ರೇಡಿಯೋ ತನ್ನದಾಗಿಸಿಕೊಂಡಿತು. 1940ರ ದಶಕದ ಆರಂಭದಲ್ಲಿ, ಮಹಾಯುದ್ಧ ನಡೆಯುತ್ತಿರುವಾಗಲೇ, ನಿಲಯವನ್ನು ಸಂಸ್ಥಾನದ ಸರ್ಕಾರ ವಹಿಸಿಕೊಂಡಿತು. ಒಬ್ಬ ಮೇಷ್ಟರ ಜೇಬಿಗೆ ಅದು ಎಷ್ಟು ದಿನ ತಾಳೀತು? ಸರ್ಕಾರ ಕೈಗೆತ್ತಿಕೊಂಡದ್ದರಿಂದಲೇ ಅದು ಉಳಿಯಿತು ಎಂಬುದನ್ನೂ ಹೇಳಬೇಕು. ಕೇಳುಗರ ಕಡೆಗೂ ಸರ್ಕಾರ ಇದ್ದೇ ಇತ್ತು. 1980ರ ದಶಕ ಬರುವವರೆಗೂ ಮನೆಯಲ್ಲಿ ರೇಡಿಯೋ ಇಡಬೇಕೆಂದರೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟಿ, ಆ ಪುಟ್ಟ ಪುಸ್ತಕದ ಮೇಲೆ ಮೊಹರು ಹಾಕಿಸಿಕೊಂಡು ಬರಬೇಕಿತ್ತು.

ಡಬ್ಬಿ ಇಟ್ಟುಕೊಂಡವರಿಗೆ ತಡವಾಗಿ ತಿಳಿಯುವ ಸಂಗತಿ ಬೇರೆಯೇ ಇದೆ. ಸರ್ವರ್ ಹಾಕಿದ ದಿನವೇ ಮನೆಯಲ್ಲಿ ಒಂದು ಸಣ್ಣ ಸರ್ಕಾರ ಸ್ಥಾಪನೆಯಾಗುತ್ತದೆ, ಅದರ ಮುಖ್ಯಮಂತ್ರಿ ಅಡ್ಮಿನ್. ಯಾರ ಖಾತೆಗೆ ಯಾವ ಸಿನಿಮಾ ಕಾಣಬೇಕು, ಮಕ್ಕಳಿಗೆ ಎಷ್ಟು ಹೊತ್ತಿನವರೆಗೆ, ಅಜ್ಜಿಯ ಧಾರಾವಾಹಿಗೆ ಡಿಸ್ಕಿನಲ್ಲಿ ಜಾಗ ಕೊಡಬೇಕೋ ಬೇಡವೋ ಎಲ್ಲವೂ ಅವನ ತೀರ್ಮಾನ. ಹೌದು, ಹೆಚ್ಚಾಗಿ ಅವನೇ. ಯಾರು ಯಾವ ಚಿತ್ರವನ್ನು ಎಷ್ಟನೇ ನಿಮಿಷದಲ್ಲಿ ನಿಲ್ಲಿಸಿದರು ಎಂಬ ದಾಖಲೆಯೂ ಅವನ ಪರದೆಯಲ್ಲಿ ಮೂಡುತ್ತದೆ. ನೆಟ್‌ಫ್ಲಿಕ್ಸ್ ತನ್ನನ್ನು ನೋಡುತ್ತಿದೆ ಎಂದು ಸಿಟ್ಟಾದವನೇ ಅದನ್ನು ಕುತೂಹಲದಿಂದ ಓದುತ್ತಾನೆ. 'ನಾಳೆ ಸರಿಮಾಡ್ತೀನಿ' ಎಂಬ ಅವನ ಭರವಸೆಗೆ ಯಾವ ಪಕ್ಷದ ಪ್ರಣಾಳಿಕೆಗಿಂತ ಹೆಚ್ಚಿನ ಬೆಲೆಯಿಲ್ಲ. ಅಪ್‌ಡೇಟ್ ಮಾಡಲು ಹೋಗಿ ಭಾನುವಾರ ಸಂಜೆ ಎಲ್ಲ ಕೆಡಿಸಿಟ್ಟಾಗ ಮನೆಮಂದಿ ಮಾಡುವ ಟೀಕೆ, ಅವರು ಸರ್ಕಾರದ ಬಗ್ಗೆ ಆಡುವ ಮಾತಿನ ಧಾಟಿಯಲ್ಲೇ ಇರುತ್ತದೆ.

ಅಡ್ಮಿನ್ ಊರಲ್ಲಿಲ್ಲದಾಗ, ಆಸ್ಪತ್ರೆಯಲ್ಲಿದ್ದಾಗ ಅಥವಾ ಇಲ್ಲವಾದಾಗ ಏನು ಎಂಬುದನ್ನು ಮಾತ್ರ ಬಹಳ ಮಂದಿ ಯೋಚಿಸಿರುವುದಿಲ್ಲ. ಮದುವೆಯ ವಿಡಿಯೋ, ಮಗುವಿನ ಮೊದಲ ಹೆಜ್ಜೆ, ತೀರಿಹೋದ ತಾತನ ದನಿ ಎಲ್ಲ ಅದೇ ಡಿಸ್ಕಿನಲ್ಲಿರುತ್ತದೆ, ಪಾಸ್‌ವರ್ಡ್ ಒಬ್ಬನ ತಲೆಯಲ್ಲಿ. ಬುದ್ಧಿವಂತರು ಇನ್ನೊಂದು ಡಿಸ್ಕಿಗೆ ನಕಲು ಮಾಡಿ ತಂಗಿಯ ಮನೆಯಲ್ಲಿಟ್ಟಿರುತ್ತಾರೆ, ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿ ಎಲ್‌ಐಸಿ ಬಾಂಡಿನ ಜೊತೆ ಸೇರಿಸಿರುತ್ತಾರೆ. ಮನೆಯವರ ಬೇಡಿಕೆ ಅದಕ್ಕಿಂತ ಸರಳ: ನಮಗೂ ಒಂದು ಅಡ್ಮಿನ್ ಖಾತೆ ಕೊಡಿ. ಸರ್ಕಾರದ ಪಾರದರ್ಶಕತೆ ಬಗ್ಗೆ ಗಂಟೆಗಟ್ಟಲೆ ಮಾತಾಡುವವರಲ್ಲೂ ಅದನ್ನು ಕೊಟ್ಟವರನ್ನು ನಾನು ಕಂಡದ್ದು ಕಡಿಮೆ.